ಮಾರ್ಫಿನ್ ಹೋಗಿ ಕೂರುವ ಜಾಗ

ಕೆಲವೇ ಮಿಲಿಗ್ರಾಂ ಮಾರ್ಫಿನ್ ನೋವನ್ನು ಅಡಗಿಸುತ್ತದೆ ಎಂದ ಮೇಲೆ, ಅದು ಹೋಗಿ ಕೂರುವ ಗ್ರಾಹಕಗಳು ಮಿದುಳಿನ ಕೋಶಗಳ ಮೇಲೆ ಇರಲೇಬೇಕು ಎಂಬ ಊಹೆ ಹಳೆಯದು. ಆ ಗ್ರಾಹಕಗಳನ್ನು ಎಣಿಸಿ ತೋರಿಸುವುದೇ ಕಷ್ಟವಾಗಿತ್ತು. 1972ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಸಾಲೊಮನ್ ಸ್ನೈಡರ್ ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಕ್ಯಾಂಡೇಸ್ ಪರ್ಟ್ ಅದನ್ನು ಮಾಡಿ ತೋರಿಸಿದರು.

ಔಷಧದ ಅಣು ಗ್ರಾಹಕಕ್ಕಷ್ಟೇ ಅಲ್ಲ, ಕೊಬ್ಬಿಗೂ ಸೋಸುಕಾಗದಕ್ಕೂ ಮೆತ್ತಿಕೊಳ್ಳುತ್ತದೆ. ತೊಡಕು ಅಲ್ಲೇ ಇತ್ತು. ಪರ್ಟ್ ಕೊನೆಗೆ ಆರಿಸಿಕೊಂಡದ್ದು ಮಾರ್ಫಿನ್‌ನ ಎದುರಾಳಿ ನಲೋಕ್ಸೋನ್ ಅನ್ನು. ಅದು ಗ್ರಾಹಕವನ್ನು ಬಿಗಿಯಾಗಿ ಹಿಡಿಯುತ್ತದೆ, ಚಾಲೂ ಮಾಡುವುದಿಲ್ಲ. ಟ್ರಿಟಿಯಂ ಸೇರಿಸಿ ವಿಕಿರಣಶೀಲವಾಗಿಸಿದ ನಲೋಕ್ಸೋನನ್ನು ಅರೆದ ಇಲಿಯ ಮಿದುಳಿನೊಂದಿಗೆ ಬೆರೆಸಿ, ಗಾಜಿನ ನಾರಿನ ಸೋಸುಕಾಗದದ ಮೇಲೆ ಸುರಿದು, ತಣ್ಣನೆಯ ದ್ರಾವಣದಿಂದ ಬೇಗಬೇಗ ತೊಳೆಯಬೇಕು. ತೊಳೆಯುವುದು ನಿಧಾನವಾದರೆ ಕೂತದ್ದೂ ಎದ್ದುಹೋಗುತ್ತದೆ. ಸಾಲದಿದ್ದರೆ ಸುಮ್ಮನೆ ಮೆತ್ತಿಕೊಂಡದ್ದು ಉಳಿದುಬಿಡುತ್ತದೆ. ಕಾಗದದಲ್ಲಿ ಉಳಿದ ವಿಕಿರಣವನ್ನು ಯಂತ್ರ ಎಣಿಸುತ್ತದೆ.

ಎಣಿಕೆಯಲ್ಲಿ ಬಂದದ್ದು ಗ್ರಾಹಕವೇ ಎನ್ನಲು ಏನು ಆಧಾರ? ಲೆವೊರ್ಫನಾಲ್, ಡೆಕ್ಸ್ಟ್ರೊರ್ಫಾನ್ ಎಡಗೈ ಬಲಗೈಯಂಥ ಜೋಡಿ ಅಣುಗಳು. ಅಫೀಮಿನಂತೆ ನೋವು ತಗ್ಗಿಸುವುದು ಮೊದಲನೆಯದು ಮಾತ್ರ. ಅದನ್ನು ಸೇರಿಸಿದಾಗ ಎಣಿಕೆ ಕುಸಿಯಿತು; ಅಷ್ಟೇ ಪ್ರಮಾಣದ ಎರಡನೆಯದು ಅದನ್ನು ಅಲುಗಿಸಲಿಲ್ಲ. ಮೆತ್ತಿಕೊಳ್ಳುವುದಕ್ಕೆ ಎಡಬಲದ ಭೇದವಿಲ್ಲ, ಗ್ರಾಹಕಕ್ಕಿದೆ. ನನ್ನ ದೃಷ್ಟಿಯಲ್ಲಿ ಇಡೀ ಪ್ರಯೋಗದ ಜೀವ ಈ ಹೋಲಿಕೆಯಲ್ಲಿದೆ. ಫಲಿತಾಂಶ 1973ರ ಮಾರ್ಚ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಅದೇ ವರ್ಷ ಸ್ವೀಡನ್ನಿನ ಲಾರ್ಸ್ ಟೆರೇನಿಯಸ್, ನ್ಯೂಯಾರ್ಕಿನ ಎರಿಕ್ ಸೈಮನ್ ಕೂಡ ತಮ್ಮ ದಾರಿಯಲ್ಲೇ ಇಲ್ಲಿಗೆ ಬಂದಿದ್ದರು.

ಗಸಗಸೆ ಕಾಯಿಯ ಹಾಲಿಗೆಂದು ಮಿದುಳು ಜಾಗ ಇಟ್ಟುಕೊಂಡಿರಲಾರದು; ದೇಹವೇ ತಯಾರಿಸುವ ವಸ್ತು ಇರಬೇಕು. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನ ಜಾನ್ ಹ್ಯೂಸ್, ಹ್ಯಾನ್ಸ್ ಕಾಸ್ಟರ್ಲಿಟ್ಜ್ ಮತ್ತು ಸಂಗಡಿಗರು ಹಂದಿಯ ಮಿದುಳಿನಿಂದ ತೆಗೆದ ಎನ್ಕೆಫಲಿನ್‌ಗಳ ರಚನೆಯನ್ನು ಪ್ರಕಟಿಸಿದರು: ಐದೇ ಅಮೈನೊ ಆಮ್ಲಗಳ ನರಪೆಪ್ಟೈಡ್‌ಗಳು. 1978ರ ಲಾಸ್ಕರ್ ಪ್ರಶಸ್ತಿ ಹ್ಯೂಸ್, ಕಾಸ್ಟರ್ಲಿಟ್ಜ್ ಮತ್ತು ಸ್ನೈಡರ್‌ಗೆ ಸಂದಿತು, ಪರ್ಟ್‌ಗೆ ಇಲ್ಲ. ಅವರು ಬಾಯಿಬಿಟ್ಟು ಪ್ರತಿಭಟಿಸಿದರು, ಪ್ರತಿಭಟಿಸಿದ್ದು ಸರಿ.

ಪೆಪ್ಟೈಡ್ ಕೂತೊಡನೆ ಗ್ರಾಹಕ ಆಕಾರ ಬದಲಿಸಿ ಕೋಶದೊಳಗಿನ ಜಿ-ಪ್ರೋಟೀನನ್ನು ಕೆಲಸಕ್ಕೆ ಹಚ್ಚುತ್ತದೆ. ಪೊಟ್ಯಾಸಿಯಂ ಹೊರಹೋಗುವ ದಾರಿ ತೆರೆಯುತ್ತದೆ, ಕ್ಯಾಲ್ಸಿಯಂ ಒಳಬರುವ ದಾರಿ ಮುಚ್ಚುತ್ತದೆ. ನೋವಿನ ಸುದ್ದಿ ಒಯ್ಯುವ ನರಕೋಶ ಮಂಕಾಗುತ್ತದೆ. ಉಸಿರಾಟ ನಡೆಸುವ ನರಕೋಶಗಳಲ್ಲೂ ಇವೇ ಗ್ರಾಹಕಗಳಿರುವುದರಿಂದ ಹೆರಾಯಿನ್ ಮಿತಿಮೀರಿದಾಗ ಉಸಿರು ನಿಲ್ಲುತ್ತದೆ. ಆಗ ಕೊಡುವ ನಲೋಕ್ಸೋನ್ ಗ್ರಾಹಕದಿಂದ ಹೆರಾಯಿನನ್ನು ಎಬ್ಬಿಸಿ ತಾನು ಕೂರುತ್ತದೆ, ಕೆಲವೇ ನಿಮಿಷಗಳಲ್ಲಿ ಉಸಿರು ಮರಳುತ್ತದೆ. ಆದರೆ ಅದರ ಪ್ರಭಾವ ಸುಮಾರು 30ರಿಂದ 90 ನಿಮಿಷ ಮಾತ್ರ. ಮಾದಕವಸ್ತು ಇನ್ನೂ ಮೈಯಲ್ಲಿದ್ದರೆ ಮತ್ತೆ ಅದೇ ಜಾಗ ಹಿಡಿಯಬಹುದು. ಹಾಗಾಗಿ ಎಚ್ಚರವಾದವರನ್ನೂ ಆಸ್ಪತ್ರೆಗೆ ಒಯ್ದು ನಿಗಾದಲ್ಲಿಡಲೇಬೇಕು.