ಹದಿನೈದು ನಿಮಿಷಗಳಲ್ಲಿ ತನ್ನ ಬಗ್ಗೆ ಬರೆಯುವುದು: ಸೇನಾಧಿಕಾರಿಗಳಾಗ ಬಯಸುವ ನಮ್ಮ ಯುವಜನರಿಗೆ

ಪಿಯುಸಿ ಫಲಿತಾಂಶ ಬಂದ ಕೂಡಲೇ ನಮ್ಮ ಮನೆಗಳಲ್ಲಿ ನಡೆಯುವ ಮಾತುಕತೆ ಎಲ್ಲರಿಗೂ ಗೊತ್ತಿರುವಂಥದ್ದೇ. ಇಂಜಿನಿಯರಿಂಗ್, ನರ್ಸಿಂಗ್, ಹೋಟೆಲ್ ಮ್ಯಾನೇಜ್‌ಮೆಂಟ್, ಅದಾಗದಿದ್ದರೆ ಗಲ್ಫಿನಲ್ಲಿರುವ ಮಾವನಿಗೆ ಒಂದು ಫೋನು. ಮಿಲಿಟರಿ ಎಂದರೆ ಅದು ಕೊಡಗಿನವರ ಬಾಬ್ತು ಎಂಬ ಭಾವನೆ ಕರಾವಳಿಯಲ್ಲಿ ಇನ್ನೂ ಹೋಗಿಲ್ಲ. ಹಾಗಿದ್ದರೂ ಪ್ರತಿ ವರ್ಷ ನಮ್ಮ ಒಬ್ಬಿಬ್ಬರು ಮಕ್ಕಳು ಲಿಖಿತ ಪರೀಕ್ಷೆ ಪಾಸು ಮಾಡಿ, ಸರ್ವಿಸಸ್ ಸೆಲೆಕ್ಷನ್ ಬೋರ್ಡಿನ (ಎಸ್‌ಎಸ್‌ಬಿ) ಕರೆಪತ್ರ ಹಿಡಿದು ಚರ್ಚಿನ ಅಂಗಳದಲ್ಲಿ ಎದುರಾಗುತ್ತಾರೆ. ಎಲ್ಲರದ್ದೂ ಒಂದೇ ಕೋರಿಕೆ: "ಸರ್, ಅಲ್ಲಿ ನಮ್ಮ ಬಗ್ಗೆ ಬರೆಯಲಿಕ್ಕೆ ಉಂಟಂತೆ. ಸ್ವಲ್ಪ ಬರೆದು ಕೊಡುತ್ತೀರಾ?"

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗನಿಗೆ ನಾನು ಬರೆದು ಕೊಟ್ಟೆ. ನಮ್ಮ ವಾಳೆಯವನೇ. ತಂದೆ ಟ್ರಾಲ್ ಬೋಟಿನಲ್ಲಿ ದುಡಿಯುವವರು, ತಾಯಿ ಮನೆಯಲ್ಲಿ ಬೀಡಿ ಕಟ್ಟುವವರು. ಹುಡುಗ ಬುದ್ಧಿವಂತ, ಆದರೆ ಇಂಗ್ಲಿಷ್ ಅಷ್ಟಕ್ಕಷ್ಟೇ. ನನ್ನ ಇಂಗ್ಲಿಷಿನ ಮೇಲೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತೆನ್ನಿ. 'ನನ್ನ ತಾಯಿ ನನ್ನನ್ನು ಕರ್ತವ್ಯನಿಷ್ಠ, ಸ್ಥಿರಚಿತ್ತದ, ಸಹಾನುಭೂತಿಯುಳ್ಳ ವ್ಯಕ್ತಿಯೆಂದು ಪರಿಗಣಿಸುತ್ತಾರೆ' ಎಂಬ ಧಾಟಿಯಲ್ಲಿ ಒಂದು ಪುಟ ಬರೆದೆ. ಅವನು ಬಾಯಿಪಾಠ ಮಾಡಿ ಹೋದ. ಸಂದರ್ಶನದಲ್ಲಿ ಅಧಿಕಾರಿ "ನಿನ್ನ ತಾಯಿ ನಿನ್ನ ಬಗ್ಗೆ ಏನು ಹೇಳುತ್ತಾರೆ?" ಎಂದು ಕೇಳಿದರಂತೆ. ಇವನು ಆ ವಾಕ್ಯವನ್ನು ಒಪ್ಪಿಸಿದ. "ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ?" ಎಂದರು. ಕೊಂಕಣಿ ಎಂದ. "ಹಾಗಾದರೆ ಅವರು ಇದನ್ನು ಕೊಂಕಣಿಯಲ್ಲಿ ಹೇಗೆ ಹೇಳುತ್ತಾರೆ, ಹೇಳು ನೋಡೋಣ" ಎಂದರು. ಹುಡುಗ ತಡವರಿಸಿದ. ಅವನ ತಾಯಿ ಅಂಥ ಮಾತನ್ನು ಯಾವ ಭಾಷೆಯಲ್ಲೂ ಹೇಳಿರಲಿಲ್ಲ, ಹೇಳಿದ್ದು ನಾನು. ಐದನೆಯ ದಿನ ಅವನ ನಂಬರು ಕರೆಯಲಿಲ್ಲ. ಸೋಲಿಗೆ ಅದೊಂದೇ ಕಾರಣ ಎನ್ನಲಾರೆ, ಆದರೆ ನನ್ನ ಪಾಲು ಅದರಲ್ಲಿತ್ತು. ಈ ಲೇಖನ ಬರೆಯಲು ಅದೇ ಪ್ರೇರಣೆ.

ಮೊದಲು ಒಂದು ಗೊಂದಲ ಬಗೆಹರಿಸೋಣ. 2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆ ಸೈನಿಕ, ನಾವಿಕ, ವಾಯುಸೈನಿಕರ ನೇಮಕಾತಿಗೆ ಸಂಬಂಧಿಸಿದ್ದು. ಅಧಿಕಾರಿಗಳ ದಾರಿಯೇ ಬೇರೆ. ಪಿಯುಸಿ ನಂತರ ಎನ್‌ಡಿಎ, ಪದವಿಯ ನಂತರ ಸಿಡಿಎಸ್, ಇವೆರಡನ್ನೂ ಕೇಂದ್ರ ಲೋಕಸೇವಾ ಆಯೋಗ ವರ್ಷಕ್ಕೆ ಎರಡು ಬಾರಿ ನಡೆಸುತ್ತದೆ. ವಾಯುಪಡೆಗೆ ಎಎಫ್‌ಕ್ಯಾಟ್ ಎಂಬ ಪ್ರತ್ಯೇಕ ಪರೀಕ್ಷೆ ಇದೆ. ಎನ್‌ಸಿಸಿ 'ಸಿ' ಸರ್ಟಿಫಿಕೇಟ್ ಪಡೆದ ಪದವೀಧರರು ಭೂಸೇನೆಯ ವಿಶೇಷ ಪ್ರವೇಶದ ಮೂಲಕ ಲಿಖಿತ ಪರೀಕ್ಷೆಯಿಲ್ಲದೆಯೇ ಎಸ್‌ಎಸ್‌ಬಿಗೆ ಅರ್ಜಿ ಹಾಕಬಹುದು. ನಮ್ಮ ಹೆಣ್ಣುಮಕ್ಕಳೂ ಇದನ್ನು ಗಮನಿಸಬೇಕು. 2021ರಲ್ಲಿ ಸುಪ್ರೀಂ ಕೋರ್ಟು ಎನ್‌ಡಿಎ ಪರೀಕ್ಷೆಯ ಬಾಗಿಲನ್ನು ಅವರಿಗೆ ತೆರೆಯಿತು, 2022ರಲ್ಲಿ ಮೊದಲ ತಂಡ ಖಡಕ್‌ವಾಸ್ಲಾಕ್ಕೆ ಸೇರಿತು, 2025ರ ಮೇ ತಿಂಗಳಲ್ಲಿ 17 ಮಂದಿ ಯುವತಿಯರು ತರಬೇತಿ ಮುಗಿಸಿ ಹೊರಬಂದರು. ದೂರ ಎಂದು ಹೆದರುವವರಿಗೆ ಒಂದು ಮಾತು: ನೌಕಾಪಡೆಯ ಅಧಿಕಾರಿಗಳು ತಯಾರಾಗುವ ಅಕಾಡೆಮಿ ಇರುವುದು ಏಳಿಮಲದಲ್ಲಿ, ಅಂದರೆ ನಮ್ಮ ಮಂಗಳೂರು-ಕಣ್ಣೂರು ರೈಲುದಾರಿಯ ಪಯ್ಯನ್ನೂರಿನ ಬಳಿಯಲ್ಲೇ.

ಯಾವ ದಾರಿಯಲ್ಲಿ ಹೋದರೂ ಎಸ್‌ಎಸ್‌ಬಿ ತಪ್ಪುವುದಿಲ್ಲ. ಬೆಂಗಳೂರಿನಲ್ಲಿ ಭೂಸೇನೆಯ, ಮೈಸೂರಿನಲ್ಲಿ ವಾಯುಪಡೆಯ ಆಯ್ಕೆ ಕೇಂದ್ರಗಳಿವೆ. ಎನ್‌ಡಿಎಯಲ್ಲಿ ಲಿಖಿತ ಪರೀಕ್ಷೆಗೆ 900 ಅಂಕ, ಎಸ್‌ಎಸ್‌ಬಿಗೂ 900 ಅಂಕ. ಐದು ದಿನಗಳ ಈ ಪದ್ಧತಿ ಎರಡನೆಯ ಮಹಾಯುದ್ಧದ ಕಾಲದ್ದು, ಭಾರತದಲ್ಲಿ ಇದರ ಪ್ರಯೋಗ 1943ರಲ್ಲಿ ಆರಂಭವಾಯಿತು. ಮೊದಲ ದಿನ ಜರಡಿ ಹಿಡಿಯುವ ಪರೀಕ್ಷೆ, ಅನೇಕರು ಅಂದೇ ಸಂಜೆ ಬ್ಯಾಗು ಹೆಗಲಿಗೇರಿಸುತ್ತಾರೆ. ಉಳಿದವರನ್ನು ಮೂವರು ಬೇರೆ ಬೇರೆಯಾಗಿ ಅಳೆಯುತ್ತಾರೆ. ಮನಃಶಾಸ್ತ್ರಜ್ಞರು ಬರವಣಿಗೆಯನ್ನು ಮಾತ್ರ ಓದುತ್ತಾರೆ. ಸಂದರ್ಶನಾಧಿಕಾರಿ ಎದುರು ಕುಳಿತು ಮಾತನಾಡಿಸುತ್ತಾರೆ. ಮೂರನೆಯವರು ಮೈದಾನದಲ್ಲಿ ಹಲಗೆ, ಹಗ್ಗ, ಡ್ರಮ್ಮು ಕೊಟ್ಟು ಗುಂಪಿನಲ್ಲಿ ಹೇಗೆ ನಡೆದುಕೊಳ್ಳುತ್ತೀರಿ ಎಂದು ನೋಡುತ್ತಾರೆ. ಕೊನೆಯ ದಿನದ ಸಭೆಯಲ್ಲಿ ಮೂವರ ಅಭಿಪ್ರಾಯಗಳನ್ನು ಒಟ್ಟಿಗೆ ಇಡಲಾಗುತ್ತದೆ. ಇದನ್ನು ಮನಸಾ, ವಾಚಾ, ಕರ್ಮಣಾ ಎಂದು ಕರೆಯುವ ರೂಢಿ ಇದೆ. ಬಲಿಪೂಜೆಯ ಆರಂಭದ ತಪ್ಪೊಪ್ಪಿಗೆಯ ಪ್ರಾರ್ಥನೆ ಬಲ್ಲ ನಮಗೆ ಈ ಮೂರು ಹೊಸತೇನಲ್ಲ. ಕಾಗದದಲ್ಲಿ ಧೈರ್ಯಶಾಲಿ, ಮಾತಿನಲ್ಲಿ ಅಂಜುಬುರುಕ, ಮೈದಾನದಲ್ಲಿ ಹಿಂದಿನ ಸಾಲಿನವ ಎಂದಾದರೆ ಮೂರು ವರದಿಗಳು ಒಂದಕ್ಕೊಂದು ಹೊಂದುವುದಿಲ್ಲ. ಬೇರೆಯವರು ಬರೆದುಕೊಟ್ಟದ್ದು ಬಿದ್ದು ಹೋಗುವುದು ಇಲ್ಲೇ.

ನಿಮ್ಮ ಬಗ್ಗೆ ನೀವು ಬರೆಯುವುದು ಎರಡು ಕಡೆ. ಮೊದಲನೆಯದು ಪಿಐಕ್ಯೂ ಎಂಬ ವೈಯಕ್ತಿಕ ಮಾಹಿತಿಯ ನಮೂನೆ. ಹೆಸರು, ಊರು, ಅದರ ಜನಸಂಖ್ಯೆ, ಮಾತೃಭಾಷೆ, ಧರ್ಮ, ತಂದೆ ತಾಯಿ ಒಡಹುಟ್ಟಿದವರ ವಿದ್ಯೆ-ಉದ್ಯೋಗ-ಆದಾಯ, ಶಾಲೆಯ ಅಂಕಗಳು, ಆಟ, ಹವ್ಯಾಸ, ವಹಿಸಿಕೊಂಡ ಜವಾಬ್ದಾರಿಗಳು, ಈ ಹಿಂದೆ ಎಷ್ಟು ಬಾರಿ ಬಂದಿದ್ದೀರಿ ಎಂಬುದೆಲ್ಲ ಅದರಲ್ಲಿ ಇರುತ್ತದೆ. ಬರೇ ಫಾರ್ಮು ಎಂದು ಅವಸರದಲ್ಲಿ ತುಂಬುವವರೇ ಹೆಚ್ಚು. ಆದರೆ ಸಂದರ್ಶನಾಧಿಕಾರಿ ಇದನ್ನೇ ಮುಂದಿಟ್ಟುಕೊಂಡು ಪ್ರಶ್ನೆ ಕೇಳುವುದು. ಪ್ರತಿಯೊಂದು ಕಾಲಮ್ಮೂ ಒಂದು ಪ್ರಶ್ನೆಯ ಬೀಜ.

ನಮ್ಮವರು ಎಡವುವ ಕಾಲಮ್ಮುಗಳನ್ನು ಹೇಳುತ್ತೇನೆ. ತಂದೆಯ ಆದಾಯ: ಬೋಟಿನಲ್ಲಿ ದುಡಿಯುವವರಿಗೆ ತಿಂಗಳ ಸಂಬಳ ಎಂಬುದಿಲ್ಲ, ಮೀನಿನ ಮೇಲೆ ಪಾಲು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆದ್ದರಿಂದ ವರ್ಷದ ಒಟ್ಟು ಗಳಿಕೆಯನ್ನು ಮನೆಯಲ್ಲಿ ಕುಳಿತು ಲೆಕ್ಕ ಹಾಕಿ 12ರಿಂದ ಭಾಗಿಸಿ ಬರೆಯಿರಿ. "ಮಳೆಗಾಲದಲ್ಲಿ ಮನೆ ಹೇಗೆ ನಡೆಯುತ್ತದೆ?" ಎಂದು ಕೇಳಿದರೆ ಉತ್ತರ ಗೊತ್ತಿರಬೇಕು. ತಾಯಿಯ ಉದ್ಯೋಗ: ಬೀಡಿ ಕಟ್ಟುವ ತಾಯಂದಿರನ್ನು 'ಗೃಹಿಣಿ' ಎಂದು ಬರೆಯುವ ಅಭ್ಯಾಸ ಇದೆ. ನಾಚಿಕೆಯಿಂದಲೇ ಹಾಗೆ ಬರೆಯುವುದು, ಸುಳ್ಳು ಹೇಳಬೇಕೆಂದಲ್ಲ. ಆದರೆ ನಿಮ್ಮ ಶಾಲೆಯ ಫೀಸು ಆ ಬೀಡಿಯಿಂದ ಬಂದದ್ದಾದರೆ ಅದನ್ನು ಬರೆಯದಿರುವುದು ಯಾವ ನ್ಯಾಯ? ದಿನಕ್ಕೆ ಎಷ್ಟು ಬೀಡಿ, ಸಾವಿರಕ್ಕೆ ಎಷ್ಟು ಮಜೂರಿ, ಎಲೆ ಕತ್ತರಿಸಿ ಕೊಡುವವರು ಯಾರು ಎಂಬುದು ತಿಳಿದಿರುವ ಮಗ ತನ್ನ ಮನೆಯನ್ನು ಬಲ್ಲವನು. ಮನೆಯನ್ನು ಬಲ್ಲವನೇ ನಾಳೆ ತನ್ನ ಕೈಕೆಳಗಿನ ಜವಾನರ ಮನೆಯ ಕಷ್ಟವನ್ನು ಕೇಳಿಯಾನು.

ಹವ್ಯಾಸದ ಕಾಲಮ್ಮಿನಲ್ಲಿ 'ಓದುವುದು, ಸಂಗೀತ ಕೇಳುವುದು, ಕ್ರಿಕೆಟ್' ಎಂದು ಬರೆದರೆ, ಕೊನೆಯದಾಗಿ ಓದಿದ ಪುಸ್ತಕ ಯಾವುದು ಎಂಬ ಪ್ರಶ್ನೆ ಖಂಡಿತ. ಓದದಿದ್ದರೆ ಬರೆಯಬೇಡಿ. ಹಬ್ಬದ ಬ್ಯಾಂಡಿನಲ್ಲಿ ಕಾರ್ನೆಟ್ ಊದುವವರು, ಗಾಯನ ಮಂಡಳಿಯಲ್ಲಿ ಕೀಬೋರ್ಡು ಬಾರಿಸುವವರು, ಕೊಂಕಣಿ ನಾಟಕದಲ್ಲಿ ಪಾತ್ರ ಮಾಡುವವರು, ರಾತ್ರಿ ಹೊಳೆಗೆ ಗಾಳ ಹಾಕುವವರು ನಮ್ಮಲ್ಲಿ ಇಲ್ಲವೇ? ಅದನ್ನು ಬರೆಯಿರಿ. ಜವಾಬ್ದಾರಿಯ ಕಾಲಮ್ಮಿನಲ್ಲಿ 'ಐಸಿವೈಎಂ ಕಾರ್ಯದರ್ಶಿ' ಎಂದಷ್ಟೇ ಬರೆದರೆ ಪಂಜಾಬಿನಿಂದ ಬಂದ ಅಧಿಕಾರಿಗೆ ಏನು ಅರ್ಥವಾದೀತು? 'ಚರ್ಚಿನ ಯುವಜನ ಸಂಘದ ಕಾರ್ಯದರ್ಶಿ' ಎಂದು ಬಿಡಿಸಿ ಬರೆದು, ಸದಸ್ಯರ ಸಂಖ್ಯೆ ಹಾಕಿ. ರಕ್ತದಾನ ಶಿಬಿರಕ್ಕೆ ಜನ ಬಾರದೆ ಇದ್ದಾಗ ಏನು ಮಾಡಿದಿರಿ, ವಾರ್ಷಿಕ ಹಬ್ಬದ ದಿನ ಪಾರ್ಕಿಂಗ್ ಹೇಗೆ ನಿಭಾಯಿಸಿದಿರಿ ಎಂಬುದು ನೆನಪಿರಲಿ. ಹೆಸರಿಗೆ ಮಾತ್ರ ಪದಾಧಿಕಾರಿಯಾಗಿದ್ದರೆ ಎರಡು ಪ್ರಶ್ನೆಗಳಲ್ಲಿ ಬಯಲಾಗುತ್ತದೆ.

ಹಿಂದಿನ ಪ್ರಯತ್ನಗಳನ್ನು ಮುಚ್ಚಿಡಬೇಡಿ. ದಾಖಲೆ ಅವರ ಬಳಿ ಇರುತ್ತದೆ. ಸೋತು ಮತ್ತೆ ಬಂದದ್ದು ದೋಷವಲ್ಲ, ನಡುವೆ ಏನು ಮಾಡಿದಿರಿ ಎಂಬುದಕ್ಕೆ ಉತ್ತರ ಇಲ್ಲದಿರುವುದು ದೋಷ. ಧರ್ಮದ ಕಾಲಮ್ಮಿನ ಬಗ್ಗೆ ಕೆಲವು ಪೋಷಕರು ಗುಟ್ಟಾಗಿ ಕೇಳುತ್ತಾರೆ. ಹೆದರುವ ಅಗತ್ಯವಿಲ್ಲ. ಕ್ರೈಸ್ತರೆಂದು ಬರೆಯಿರಿ. ಜನರಲ್ ಸುನಿತ್ ಫ್ರಾನ್ಸಿಸ್ ರಾಡ್ರಿಗಸ್ 1990ರಿಂದ 1993ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ನಮ್ಮ ಮಂಗಳೂರಿನಲ್ಲೇ ಹುಟ್ಟಿದ ಜಾರ್ಜ್ ಫೆರ್ನಾಂಡಿಸರು ದೇಶದ ರಕ್ಷಣಾ ಸಚಿವರಾಗಿದ್ದವರು.

ಎರಡನೆಯ ಬರವಣಿಗೆ 'ಸೆಲ್ಫ್ ಡಿಸ್ಕ್ರಿಪ್ಶನ್', ಅಂದರೆ ತನ್ನ ಬಗ್ಗೆ ತಾನೇ ಬರೆಯುವುದು. ಮನಃಶಾಸ್ತ್ರದ ಪರೀಕ್ಷೆಗಳಲ್ಲಿ ಇದು ಕೊನೆಯದು. ಅದಕ್ಕೆ ಮೊದಲು 12 ಕಥೆಗಳು, 60 ಪದಗಳು, 60 ಸನ್ನಿವೇಶಗಳು ಮುಗಿದಿರುತ್ತವೆ, ಕೈ ಸೋತಿರುತ್ತದೆ. ಸಮಯ 15 ನಿಮಿಷ. ಬರೆಯಬೇಕಾದ್ದು ಐದು ಭಾಗ: ತಂದೆ ತಾಯಿ ನಿಮ್ಮ ಬಗ್ಗೆ ಏನು ಹೇಳುತ್ತಾರೆ, ಶಿಕ್ಷಕರು ಅಥವಾ ಮೇಲಧಿಕಾರಿಗಳು ಏನು ಹೇಳುತ್ತಾರೆ, ಗೆಳೆಯರು ಏನು ಹೇಳುತ್ತಾರೆ, ನೀವೇ ಏನು ಹೇಳುತ್ತೀರಿ, ಮುಂದೆ ಎಂಥ ವ್ಯಕ್ತಿಯಾಗಲು ಬಯಸುತ್ತೀರಿ. ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಯಬಹುದು. ಭಾಷೆ ಸರಳವಿದ್ದರೆ ಸಾಕು, ಪ್ರಬಂಧ ಸ್ಪರ್ಧೆಯಲ್ಲ ಇದು.

ಇದಕ್ಕೆ ತಯಾರಿ ಕೋಚಿಂಗ್ ಪುಸ್ತಕದಲ್ಲಿಲ್ಲ, ಮನೆಯಲ್ಲಿದೆ. ಒಂದು ನೋಟ್‌ಬುಕ್ ಹಿಡಿದು ತಾಯಿಯ ಹತ್ತಿರ ಕುಳಿತು "ಅಮ್ಮಾ, ನನ್ನ ಬಗ್ಗೆ ನಿನಗೆ ಏನು ಅನ್ನಿಸುತ್ತದೆ, ನಿಜ ಹೇಳು" ಎಂದು ಕೇಳಿ. ತಂದೆಯನ್ನು ಕೇಳಿ. ಕಾಲೇಜಿನ ಲೆಕ್ಚರರನ್ನು ಕೇಳಿ. ಗೆಳೆಯರಲ್ಲಿ ನಿಮಗೆ ಬೈಯುವವನೊಬ್ಬ ಇರುತ್ತಾನಲ್ಲ, ಅವನನ್ನು ತಪ್ಪದೆ ಕೇಳಿ. ಅವರು ಹೇಳಿದ ಮಾತನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ. ಪ್ರತಿ ಮಾತಿಗೂ ಒಂದು ಘಟನೆ ಜೋಡಿಸಿ. 'ಜವಾಬ್ದಾರಿಯುತ' ಎಂಬ ಪದ ಬೇಡ, 'ತಂದೆ ಸಮುದ್ರದಲ್ಲಿದ್ದಾಗ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದು ನಾನೇ' ಎಂಬುದು ಸಾಕು.

ದೌರ್ಬಲ್ಯವನ್ನೂ ಬರೆಯಬೇಕು. ಇಲ್ಲಿ ನಮ್ಮವರಿಗೆ ಎರಡು ರೀತಿಯ ತೊಂದರೆ. ಒಂದು, ಸಣ್ಣಂದಿನಿಂದ ಕ್ರೈಸ್ತ ಶಿಕ್ಷಣದಲ್ಲಿ ದೀನತೆಯ ಪಾಠ ಕೇಳಿದವರಿಗೆ ತಮ್ಮ ಒಳ್ಳೆಯದನ್ನು ತಾವೇ ಹೇಳಿಕೊಳ್ಳಲು ಸಂಕೋಚ. ಆದರೆ ಇದ್ದದ್ದನ್ನು ಇಲ್ಲ ಎನ್ನುವುದು ದೀನತೆಯಲ್ಲ. ಇನ್ನೊಂದು, 'ನಾನು ಅತಿಯಾಗಿ ಶ್ರಮಪಡುತ್ತೇನೆ' ಎಂಬಂಥ ಹುಸಿ ದೌರ್ಬಲ್ಯ. ಅದನ್ನು ಓದಿ ಓದಿ ಮನಃಶಾಸ್ತ್ರಜ್ಞರಿಗೆ ಸಾಕಾಗಿರಬೇಕು. ನಿಜವಾದ ಒಂದು ಕೊರತೆ ಬರೆದು, ಅದಕ್ಕೆ ಈಗ ಏನು ಮಾಡುತ್ತಿದ್ದೀರಿ ಎಂದು ಬರೆಯಿರಿ. ಮಾಡುತ್ತಿಲ್ಲವಾದರೆ ಇಂದೇ ಶುರು ಮಾಡಿ, ಹೋಗುವುದರೊಳಗೆ ಕೆಲವು ವಾರಗಳಾದರೂ ಸಿಗುತ್ತವೆ.

1521ರಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ಕಾಲಿಗೆ ಗಾಯಗೊಂಡ ಸಂತ ಇಗ್ನೇಶಿಯಸ್ ಲೊಯೊಲಾ ಮುಂದೆ ತನ್ನ ಸಂಗಡಿಗರಿಗೆ ಕಲಿಸಿದ ದೈನಂದಿನ ಆತ್ಮಪರಿಶೀಲನೆ ಇದಕ್ಕೆ ಒಳ್ಳೆಯ ಅಭ್ಯಾಸ. ರಾತ್ರಿ ಹತ್ತು ನಿಮಿಷ ಕುಳಿತು, ಈ ದಿನ ಎಲ್ಲಿ ಮುಂದೆ ಬಂದೆ, ಎಲ್ಲಿ ಹಿಂಜರಿದೆ ಎಂದು ನೋಡಿಕೊಳ್ಳುವುದು. ಸಿಪಾಯಿಯಾಗಿದ್ದವರು ಕಲಿಸಿದ್ದು ಸಿಪಾಯಿಯಾಗ ಬಯಸುವವರಿಗೆ ಕೆಲಸಕ್ಕೆ ಬಾರದಿದ್ದೀತೇ? ಕ್ರೈಸ್ತರು ಆಯುಧ ಹಿಡಿಯಬಹುದೇ ಎಂದು ಸಂದರ್ಶನದಲ್ಲಿ ಕೇಳಿದರೆ ಏನು ಹೇಳುವುದೆಂದು ಒಬ್ಬ ಹುಡುಗಿ ಕೇಳಿದ್ದಳು. 1965ರ ವ್ಯಾಟಿಕನ್ ಮಹಾಸಭೆಯ 'ಗೌದಿಯುಂ ಎತ್ ಸ್ಪೆಸ್' ದಾಖಲೆಯ 79ನೆಯ ವಿಭಾಗ, ದೇಶಸೇವೆಗಾಗಿ ಸೈನ್ಯದಲ್ಲಿರುವವರು ಜನರ ಭದ್ರತೆ ಮತ್ತು ಸ್ವಾತಂತ್ರ್ಯದ ಸೇವಕರೆಂದು ತಮ್ಮನ್ನು ಭಾವಿಸಬೇಕು, ಹಾಗೆ ನಡೆದುಕೊಂಡರೆ ಅವರು ಶಾಂತಿಗೇ ನೆರವಾಗುತ್ತಾರೆ ಎಂಬ ಅರ್ಥದ ಮಾತು ಹೇಳುತ್ತದೆ. ಯುದ್ಧದಲ್ಲಿ ಎಲ್ಲವೂ ಸರಿಯಲ್ಲ ಎಂಬುದನ್ನೂ ಅದೇ ವಿಭಾಗ ಹೇಳುತ್ತದೆ. ಎರಡನ್ನೂ ಓದಿ, ಸ್ವಂತ ಮಾತಿನಲ್ಲಿ ಉತ್ತರಿಸಲಿ.

ಚರ್ಚಿನ ಕಚೇರಿಯವರಿಗೂ ಗುರಿಕಾರರಿಗೂ ಒಂದು ವಿನಂತಿ. ಜನ್ಮದಿನಾಂಕಕ್ಕೆ ಆಯೋಗ ಒಪ್ಪುವುದು ಎಸ್‌ಎಸ್‌ಎಲ್‌ಸಿ ಪ್ರಮಾಣಪತ್ರವನ್ನೇ ಹೊರತು ಜ್ಞಾನಸ್ನಾನದ ಪ್ರಮಾಣಪತ್ರವನ್ನಲ್ಲ. ನಮ್ಮಲ್ಲಿ ಜ್ಞಾನಸ್ನಾನದ ಹೆಸರು ಒಂದು, ಶಾಲೆಯದ್ದು ಇನ್ನೊಂದು, ಆಧಾರಿನಲ್ಲಿ ಮತ್ತೊಂದು. ಡಿಸೋಜ ಎಂಬ ಒಂದೇ ಮನೆತನದ ಹೆಸರಿಗೆ ತಂದೆಯದ್ದೊಂದು ಸ್ಪೆಲಿಂಗ್, ಮಗನದ್ದೊಂದು. ಮಕ್ಕಳು ಎಂಟು ಒಂಬತ್ತನೆಯ ತರಗತಿಯಲ್ಲಿರುವಾಗಲೇ ಇದನ್ನು ನೋಡಿ ಸರಿಪಡಿಸಲು ಮನೆಯವರಿಗೆ ನೆನಪಿಸಿದರೆ ಮುಂದೆ ಅಫಿಡವಿಟ್ಟಿಗಾಗಿ ಓಡಾಡುವುದು ತಪ್ಪುತ್ತದೆ. ಎನ್‌ಡಿಎಗೆ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ ಮಾತ್ರ, ಅಲ್ಲಿ ಆರು ತಿಂಗಳು ಕಳೆದುಕೊಂಡರೆ ಒಂದು ಅವಕಾಶವೇ ಹೋದಂತೆ. ಹಾಗೆಯೇ, ಮಕ್ಕಳು ಬರೆದು ತಂದದ್ದನ್ನು ಓದಿ ಪ್ರಶ್ನೆ ಕೇಳಿ, ತಿದ್ದಿ ಬರೆದು ಮಾತ್ರ ಕೊಡಬೇಡಿ.

ನಮ್ಮ ವಾಳೆಯ ಹುಡುಗ ಪದವಿ ಮುಗಿಸಿ ಸಿಡಿಎಸ್ ಬರೆದು ಎರಡನೆಯ ಸಲ ಹೊರಟಾಗ ನನ್ನ ಬಳಿ ಬರೆಸಿಕೊಳ್ಳಲು ಬರಲಿಲ್ಲ, ಬರೆದದ್ದನ್ನು ತೋರಿಸಲು ಬಂದ. ತಾಯಿಯನ್ನು ಕೇಳಿದ್ದನಂತೆ. ಅವರು ಬೀಡಿಯ ಮೊರದಿಂದ ತಲೆಯೆತ್ತದೆ, "ಹೇಳಿದ ಕೆಲಸ ಮಾಡುತ್ತೀ. ಹೇಳದೆ ಮಾಡುವುದಿಲ್ಲ" ಎಂದರಂತೆ. ಅವನು ಅದನ್ನೇ ಮೊದಲ ಸಾಲಾಗಿ ಬರೆದಿದ್ದ. ಅದರ ಕೆಳಗೆ, ಆ ಮಾತು ಕೇಳಿದ ಮೇಲೆ ಯಾರೂ ಹೇಳದೆ ತಾನು ಮಾಡಿದ ಮೂರು ಕೆಲಸಗಳನ್ನು ಬರೆದಿದ್ದ. ಇಂಗ್ಲಿಷಿನಲ್ಲಿ ಎರಡು ಕಡೆ ವ್ಯಾಕರಣದ ತಪ್ಪಿತ್ತು. ನಾನು ಪೆನ್ನು ತೆಗೆಯಲಿಲ್ಲ.