ಮಗಳ ಓದು, ಬಡ್ಡಿಯ ಭಯ ಮತ್ತು ನಮ್ಮ ಜಮಾಅತ್‌ನ ಹೊಣೆ

ಹೆಣ್ಣುಮಕ್ಕಳ ಉನ್ನತ ಶಿಕ್ಷಣದ ಬಗ್ಗೆ ಜುಮಾ ಖುತ್ಬಾದಲ್ಲಿ ಮಾತನಾಡಿದ ದಿನ, ನಮಾಝ್ ಮುಗಿದ ಮೇಲೆ ವಿಜಯನಗರದ ಆಟೋ ಚಾಲಕರೊಬ್ಬರು ನಮ್ಮ ಬಳಿ ಬಂದರು. "ಹಜ್ರತ್, ಮಗಳಿಗೆ ಪಿಯುಸಿಯಲ್ಲಿ ಒಳ್ಳೆ ಮಾರ್ಕ್ಸ್ ಬಂದಿದೆ. ಕಂಪ್ಯೂಟರ್ ಇಂಜಿನಿಯರಿಂಗ್ ಓದ್ತೀನಿ ಅಂತಾಳೆ. ಬಡ್ಡಿ ಸಾಲ ಬೇಡ ಅಂತ ನೀವೇ ಹೇಳ್ತೀರಿ. ಫೀಸು ಎಲ್ಲಿಂದ ತರಲಿ?" ಎಂದು ಕೇಳಿದರು.

ಬಡ್ಡಿ ಹರಾಮ್ ಎಂದು ಹೇಳಿ ಮಿಂಬರ್‌ನಿಂದ ಇಳಿಯುವುದು ಸುಲಭ. ಬೇರೆ ದಾರಿ ತೋರಿಸುವುದೂ ನಮ್ಮ ಹೊಣೆಯೇ. ಆದ್ದರಿಂದ ಖುತ್ಬಾದ ಸಾರದ ಜೊತೆಗೆ ಅವರಿಗೆ ಕೊಟ್ಟ ಉತ್ತರವನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಪ್ರವಾದಿಯವರಿಗೆ(ಸ) ಅವತೀರ್ಣವಾದ ಮೊದಲ ಆಜ್ಞೆಯೇ ಓದಬೇಕೆಂಬುದು. ಬೆರಳೆಣಿಕೆಯ ಜನರಿಗಷ್ಟೇ ಅಕ್ಷರ ಬರುತ್ತಿದ್ದ ಅಂದಿನ ಮಕ್ಕಾದಲ್ಲಿ ಶಿಫಾ ಬಿನ್ತ್ ಅಬ್ದುಲ್ಲಾ(ರ) ಓದು ಬರಹ ಬಲ್ಲವರಾಗಿದ್ದರು. ಪ್ರವಾದಿ ಪತ್ನಿ ಹಫ್ಸಾರಿಗೆ(ರ) ಬರವಣಿಗೆ ಕಲಿಸಿದವರು ಅವರೇ. ಇಂದು ಸಾಫ್ಟ್‌ವೇರ್ ಕಲಿಯುವವರು ಮೊದಲ ದಿನವೇ ಕೇಳುವ 'ಅಲ್ಗಾರಿದಮ್' ಎಂಬ ಪದ ಬಂದದ್ದು 9ನೇ ಶತಮಾನದ ಬಗ್ದಾದಿನ ಗಣಿತಜ್ಞ ಅಲ್ ಖ್ವಾರಿಝ್ಮಿಯವರ ಹೆಸರಿನಿಂದ. ಈ ವಿದ್ಯೆ ನಮಗೆ ಹೊರಗಿನದಲ್ಲ.

ವಿದ್ಯಾರ್ಥಿವೇತನದಿಂದ ಏನಾಗುತ್ತದೆ ಎಂದು ಕೇಳುವವರಿಗೆ ನಮ್ಮ ನಾಡಿನದೇ ಒಂದು ಉದಾಹರಣೆಯಿದೆ. ರಾಜೇಶ್ವರಿ ಚಟರ್ಜಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದರು. 1947ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಹಡಗು ಹತ್ತಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. 1953ರಲ್ಲಿ ಡಾಕ್ಟರೇಟ್‌ನೊಂದಿಗೆ ಹಿಂದಿರುಗಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾದರು. ಅವರು ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಹೆಸರಾದವರು.

ಇನ್ನು ಇಂದಿನ ದಾರಿಗಳು. ಎಐಸಿಟಿಇಯ 'ಪ್ರಗತಿ' ವಿದ್ಯಾರ್ಥಿವೇತನ ಹೆಣ್ಣುಮಕ್ಕಳಿಗಾಗಿಯೇ ಇದೆ. ಮಾನ್ಯತೆ ಪಡೆದ ಕಾಲೇಜಿನಲ್ಲಿ ಇಂಜಿನಿಯರಿಂಗ್ ಅಥವಾ ಡಿಪ್ಲೊಮಾ ಸೇರಿ ಆಯ್ಕೆಯಾದವರಿಗೆ ವರ್ಷಕ್ಕೆ 50,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ಮೀರಬಾರದು. ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ ಇದು ಸಿಗುತ್ತದೆ. ಇನ್ಫೋಸಿಸ್ ಫೌಂಡೇಶನ್ 2023ರಲ್ಲಿ ಆರಂಭಿಸಿದ 'ಸ್ಟೆಮ್ ಸ್ಟಾರ್ಸ್' ಯೋಜನೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ನೆರವಿದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ ಕಾಲೇಜಿನಲ್ಲಿ ಓದಿದ ಹುಡುಗಿಯರಿಗೆ ಅಝೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ಪಿಯುಸಿ ಬೇಡವೆನ್ನುವವರು ಎಸ್ಸೆಸ್ಸೆಲ್ಸಿ ನಂತರ 3 ವರ್ಷದ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು ನೇರವಾಗಿ ಇಂಜಿನಿಯರಿಂಗ್ 2ನೇ ವರ್ಷಕ್ಕೆ ಸೇರಬಹುದು.

ಅರ್ಜಿಗಳು ಎಡವುವುದು ಹೆಚ್ಚಾಗಿ ದಾಖಲೆಗಳಲ್ಲಿ. ಅಂಕಪಟ್ಟಿಯಲ್ಲಿ 'ಬಾನು', ಆಧಾರ್‌ನಲ್ಲಿ 'ಬೇಗಂ'; ಒಂದರಲ್ಲಿ ತಂದೆಯ ಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಇನಿಶಿಯಲ್. ನಮ್ಮ ಮನೆಗಳಲ್ಲಿ ಇದು ಸಾಮಾನ್ಯ. ಮಗಳು ಹತ್ತನೇ ತರಗತಿಯಲ್ಲಿರುವಾಗಲೇ ಹೆಸರುಗಳನ್ನು ಸರಿಪಡಿಸಿಕೊಳ್ಳಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿ. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರವನ್ನು ಮೊದಲೇ ಪಡೆದಿಡಿ. ಆದಾಯವನ್ನು ಮಾತ್ರ ಸುಳ್ಳು ಬರೆಸಬೇಡಿ. ಅದು ಇನ್ನೊಬ್ಬ ಬಡ ಮಗಳ ಹಕ್ಕನ್ನು ಕಸಿದಂತೆ.

ಇಷ್ಟೆಲ್ಲ ಇದ್ದರೂ ಒಂದು ಕಂದಕ ಉಳಿಯುತ್ತದೆ. ಕಾಲೇಜಿನ ಫೀಸು ಕಟ್ಟಬೇಕಾದದ್ದು ಸೀಟು ಸಿಕ್ಕ ಕೂಡಲೇ. ವಿದ್ಯಾರ್ಥಿವೇತನ ಬರುವುದು ತಿಂಗಳುಗಳ ನಂತರ. ಕೆಲವು ವರ್ಷಗಳ ಹಿಂದೆ ನಮ್ಮ ಜಮಾಅತ್‌ನ ಒಬ್ಬ ಹುಡುಗಿಗೆ ಸಿಇಟಿಯಲ್ಲಿ ಸೀಟು ಸಿಕ್ಕಿತ್ತು. ಫೀಸಿಗೆ ಕೊನೆಯ ಎರಡು ದಿನ ಇರುವಾಗ ಆಕೆಯ ತಂದೆ ನಮ್ಮಲ್ಲಿಗೆ ಬಂದಿದ್ದರು. ನಾವು ದುಆ ಮಾಡಿ, ಸಬರ್ ಮಾಡಿ ಎಂದು ಹೇಳಿ ಕಳಿಸಿದೆವು. ಸೀಟು ಹೋಯಿತು. ಅದೇ ತಿಂಗಳು ಮಸೀದಿಯ ಕಾಂಪೌಂಡಿಗೆ ಹೊಸ ಬಣ್ಣ ಬಳಿಸಿದ್ದೆವು. ಆ ಗೋಡೆ ನೋಡಿದಾಗಲೆಲ್ಲ ನಮಗೆ ಆ ತಂದೆ ನೆನಪಾಗುತ್ತಾರೆ.

ಆದ್ದರಿಂದ ಪ್ರತಿ ಜಮಾಅತ್‌ನಲ್ಲೂ ಒಂದು ಸಣ್ಣ ಕರ್ಝೆ ಹಸನ ನಿಧಿ ಇರಲಿ. ಚಂದಾದಿಂದ ಕೂಡಿಸಿದ ಹಣದಿಂದ ಫೀಸು ಕಟ್ಟಿ, ವಿದ್ಯಾರ್ಥಿವೇತನ ಬಂದಾಗ ಬಡ್ಡಿಯಿಲ್ಲದೆ ಹಿಂದಿರುಗಿಸಲಿ. ಆ ಹಣ ಮುಂದಿನ ವರ್ಷ ಇನ್ನೊಬ್ಬಳಿಗೆ ಆಗುತ್ತದೆ. ಝಕಾತ್ ಹಣವನ್ನು ಇದರಲ್ಲಿ ಬೆರೆಸಬಾರದು. ಹನಫಿ ಫಿಖ್‌ಹ್ ಪ್ರಕಾರ ಝಕಾತ್ ಅರ್ಹರ ಕೈ ಸೇರಿ ಅವರ ಸ್ವತ್ತಾಗಬೇಕು. ನಿಸಾಬ್‌ನಷ್ಟು ಸಂಪತ್ತಿಲ್ಲದ ಪ್ರಾಪ್ತ ವಯಸ್ಸಿನ ವಿದ್ಯಾರ್ಥಿನಿಗೆ ಅದನ್ನು ನೇರವಾಗಿ ಕೊಡಬಹುದು. ಆಕೆ ಅದರಿಂದ ಫೀಸು ಕಟ್ಟಿಕೊಳ್ಳಲಿ.

"ಅಷ್ಟು ದೂರ ಹೇಗೆ ಕಳಿಸೋದು?" ಎಂದು ತಾಯಂದಿರು ಕೇಳುತ್ತಾರೆ. ಆತಂಕ ಸಹಜ. ಆದರೆ 2023ರ ಅಕ್ಟೋಬರ್‌ನಿಂದ ಕೆಂಗೇರಿ, ವಿಜಯನಗರದಲ್ಲಿ ಮೆಟ್ರೋ ಹತ್ತಿದವರು ರೈಲು ಬದಲಿಸದೆ ವೈಟ್‌ಫೀಲ್ಡ್‌ವರೆಗೆ ಹೋಗಬಹುದು. ಮಗಳು ಹಿಜಾಬಿನಲ್ಲೇ ಹೋಗಿ, ನಮಾಝ್ ಬಿಡದೆ, ಹಲಾಲ್ ಸಂಪಾದನೆಯೊಂದಿಗೆ ಮನೆಗೆ ಮರಳಿದರೆ ಅದಕ್ಕಿಂತ ಬರಕತ್ ಏನಿದೆ?

ಆ ಆಟೋ ಚಾಲಕರು ಮರುದಿನ ಮಗಳನ್ನೂ ದಾಖಲೆಗಳ ಚೀಲವನ್ನೂ ಕರೆತಂದರು. ಈ ಸಲ ನಾವು ದುಆದ ಜೊತೆಗೆ ಮುತವಲ್ಲಿ ಸಾಹೇಬರಿಗೂ ಫೋನ್ ಮಾಡಿದೆವು. ನಮ್ಮ ಹೆಣ್ಣುಮಕ್ಕಳಿಗೆ ಅಲ್ಲಾಹನು ಪ್ರಯೋಜನಕಾರಿ ಜ್ಞಾನವನ್ನು ಕರುಣಿಸಲಿ, ನಮ್ಮ ಉಪೇಕ್ಷೆಯನ್ನು ಕ್ಷಮಿಸಲಿ. ಆಮೀನ್.