ಹಲಸು ಅಂಗಳದಲ್ಲಿ, ಹಪ್ಪಳ ಅಂಗಡಿಯಲ್ಲಿ

ಮಳೆ ಹಿಡಿದ ಮೇಲೆ ನಮ್ಮ ಜಿಲ್ಲೆಯ ಯಾವುದೇ ಒಳದಾರಿಯಲ್ಲಿ ನಡೆದು ನೋಡಿ. ಹಲಸಿನ ಮರದ ಬುಡದಲ್ಲಿ ಹಣ್ಣು ಬಿದ್ದು, ಒಡೆದು, ನೊಣ ಮುತ್ತಿರುತ್ತದೆ. ಅದೇ ಮನೆಯವರು ಪೇಟೆಯಿಂದ ಮರಳುವಾಗ ಚೀಲದಲ್ಲಿ ಹಪ್ಪಳದ ಕಟ್ಟು ತಂದಿರುತ್ತಾರೆ. ಕೇರಳ ಸರಕಾರವು 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿತು. ಮರದಡಿಯ ಕೊಳೆತಕ್ಕೆ ಅದರಿಂದ ದೊಡ್ಡ ವ್ಯತ್ಯಾಸವಾದಂತೆ ಕಾಣುವುದಿಲ್ಲ.

ಆಹಾರ ಪೋಲಾಗುವುದು ಮದುವೆ ಚಪ್ಪರದಲ್ಲಿ, ಹೋಟೆಲುಗಳಲ್ಲಿ ಎಂಬುದು ಸಾಮಾನ್ಯ ನಂಬಿಕೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಹೊರತಂದ ವರದಿ ಬೇರೆಯೇ ಹೇಳುತ್ತದೆ. 2022ರಲ್ಲಿ ಜಗತ್ತಿನಲ್ಲಿ ಪೋಲಾದ ಸುಮಾರು 105 ಕೋಟಿ ಟನ್ ಆಹಾರದಲ್ಲಿ ನೂರಕ್ಕೆ 60 ಪಾಲು ಮನೆಗಳಿಂದಲೇ ಹೋದದ್ದು. ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಎಂದು ಅಂದಾಜು. ಈ ಲೆಕ್ಕದಲ್ಲಿ ಸಿಪ್ಪೆ, ಮೂಳೆಗಳೂ ಸೇರಿವೆ ಎಂಬುದು ನಿಜ. ಆದರೆ ನಮ್ಮ ಅಜ್ಜಿಯಂದಿರಿಗೆ ಸಿಪ್ಪೆಯೂ ಅಡುಗೆಯೇ ಆಗಿತ್ತು. ಹೀರೆಕಾಯಿ ಸಿಪ್ಪೆಯ ಚಟ್ನಿ ಉಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಲಸನ್ನೇ ತೆಗೆದುಕೊಳ್ಳೋಣ. ಬೆಳೆದು ಇನ್ನೂ ಹಣ್ಣಾಗದ ಕಾಯಿಯ ಸೊಳೆ ಬಿಡಿಸಿ, ಬೇಳೆ ತೆಗೆದು, ಭರಣಿಯಲ್ಲಿ ಒಂದು ಪದರ ಸೊಳೆ, ಅದರ ಮೇಲೆ ಕಲ್ಲುಪ್ಪು ಎಂದು ತುಂಬಿ, ಭಾರ ಇಟ್ಟು ಬಾಯಿ ಕಟ್ಟಿದರೆ ಉಪ್ಪುಸೊಳೆ ತಿಂಗಳುಗಟ್ಟಲೆ ಕೆಡದು. ಸೊಳೆ ತಾನೇ ಬಿಟ್ಟ ನೀರಿನಲ್ಲಿ ಮುಳುಗಿರಬೇಕು, ತೇಲಿದ್ದು ಹಾಳಾಗುತ್ತದೆ. ಒದ್ದೆ ಕೈ ತಾಗಬಾರದು. ಆಟಿ ತಿಂಗಳಲ್ಲಿ ತರಕಾರಿ ಇಲ್ಲದಾಗ ತೆಗೆದು ನೆನೆಸಿ, ಎರಡು ಮೂರು ಸಲ ನೀರು ಬದಲಿಸಿ ಹಿಂಡಿದರೆ ಪಲ್ಯಕ್ಕೂ ರೊಟ್ಟಿಗೂ ಉಂಡ್ಲಕಾಳಿಗೂ ಆಯಿತು. ಉಪ್ಪು ಬಿಡಿಸುವುದರಲ್ಲಿ ಆತುರ ಕೂಡದು, ರಕ್ತದೊತ್ತಡದವರಿರುವ ಮನೆಯಲ್ಲಂತೂ. ಬೇಳೆಯನ್ನು ಮಣ್ಣು ಮೆತ್ತಿ ಇಟ್ಟರೆ ಮಳೆಗಾಲಕ್ಕೆ ಒದಗುತ್ತದೆ. ಉಪ್ಪು ಹಾಕಿ ಬೇಯಿಸಿ ಒಣಗಿಸಿದರೆ ಸಾಂತಾಣಿ. 2020ರ ಲಾಕ್‌ಡೌನ್ ದಿನಗಳಲ್ಲಿ ನೆರೆಯ ಮಲಯಾಳಿ ಮನೆಗಳಲ್ಲಿ ಇದೇ ಬೇಳೆಯ ಶೇಕ್ ಭಾರೀ ಹೆಸರು ಮಾಡಿತ್ತು. ಅಂಗಡಿ ಮುಚ್ಚಿದಾಗ ಎಲ್ಲರಿಗೂ ಮರ ನೆನಪಾಯಿತು.

ಸಾಂತಾಣಿ, ಮಾಂಬಳ, ಅಕ್ಕಚ್ಚು ಇವೆಲ್ಲ ಪಠ್ಯಪುಸ್ತಕದಿಂದ ಮಕ್ಕಳಿಗೆ ಬರುವ ಶಬ್ದಗಳಲ್ಲ. ಭಾಷೆಗಾಗಿ ನಾವು ಮನವಿ ಕೊಡುತ್ತೇವೆ, ಸಭೆ ಸೇರುತ್ತೇವೆ; ಅದು ಬೇಕು. ಆದರೆ ಭರಣಿ ಅಟ್ಟ ಸೇರಿದ ಮನೆಯಲ್ಲಿ ಮಗು ಆ ಮಾತುಗಳನ್ನು ಯಾರ ಬಾಯಿಂದ ಕೇಳೀತು?

ಪೋಲು ಹೆಚ್ಚಿದ್ದಕ್ಕೆ ಗೃಹಿಣಿಯರನ್ನಷ್ಟೇ ದೂರುವುದು ನ್ಯಾಯವಲ್ಲ. ಹಿಂದೆ ಅಕ್ಕಿ ತೊಳೆದ ಅಕ್ಕಚ್ಚು, ಗಂಜಿಯ ತಿಳಿ, ಹಲಸಿನ ರೆಚ್ಚೆ, ಬಾಳೆಕಾಯಿ ಸಿಪ್ಪೆ ಎಲ್ಲವೂ ಹಟ್ಟಿಯ ಬಾನಿಗೆ ಹೋಗುತ್ತಿದ್ದವು. ಈಗ ಎಷ್ಟೋ ಮನೆಗಳಲ್ಲಿ ಹಟ್ಟಿ ಬರಿದು. ಹರಿತ ಕರ್ಮ ಸೇನೆಯವರು ಮನೆಗೆ ಬಂದು ಒಯ್ಯುವುದು ಪ್ಲಾಸ್ಟಿಕ್ ಮುಂತಾದ ಒಣ ಕಸವನ್ನು. ಹಸಿ ಕಸ ನಮ್ಮ ಪಾಲಿನದು. ಅದನ್ನು ತೊಟ್ಟೆಯಲ್ಲಿ ಕಟ್ಟಿ ಸಂಕದ ಬಳಿ ಎಸೆದು ಬರುವವರೂ ಇದ್ದಾರೆ.

ಇನ್ನು ಅನ್ನದ ವಿಷಯ. ಮಕ್ಕಳು ಬೆಂಗಳೂರು, ಗಲ್ಫ್ ಸೇರಿ ಮನೆಯಲ್ಲಿ ಇಬ್ಬರೇ ಉಳಿದಿದ್ದರೂ ಅಕ್ಕಿ ಅಳೆಯುವ ಪಾತ್ರೆ ಹಳೆಯದೇ. ಮಿಗದೆ ಇನ್ನೇನು? ಮಿಕ್ಕಿದ್ದನ್ನು ಉಳಿಸುವಲ್ಲಿ ಎಚ್ಚರವೂ ಬೇಕು. ಬೇಯಿಸಿದರೂ ಸಾಯದ ಒಂದು ಜಾತಿಯ ಸೂಕ್ಷ್ಮಾಣು ಅಕ್ಕಿಯಲ್ಲಿರುತ್ತದೆ; ಅನ್ನವನ್ನು ಗಂಟೆಗಟ್ಟಲೆ ಬೆಚ್ಚಗೆ ಬಿಟ್ಟರೆ ಅದು ಬೆಳೆದು ಉಂಟುಮಾಡುವ ವಿಷ ಮತ್ತೆ ಕಾಯಿಸಿದರೂ ಹೋಗದು. ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಮರುದಿನವೇ ದೋಸೆಹಿಟ್ಟಿಗೋ ಚಿತ್ರಾನ್ನಕ್ಕೋ ಮುಗಿಸಿಬಿಡಿ. ಹಳಸಿದ ವಾಸನೆ ಬಂದುದನ್ನು ಉಳಿತಾಯದ ಹೆಸರಿನಲ್ಲಿ ಯಾರಿಗೂ ಬಡಿಸಬೇಡಿ.

ತಿನ್ನಲಾಗದ್ದು ಗೊಬ್ಬರಕ್ಕೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯು ತೆಂಗಿನ ಗರಿಯನ್ನೇ ಎರೆಗೊಬ್ಬರವಾಗಿಸುವ ಕ್ರಮವನ್ನು ರೂಪಿಸಿದೆ. ಹಿತ್ತಿಲಲ್ಲಿ ನೆರಳಿರುವ ಕಡೆ ಸಣ್ಣ ತೊಟ್ಟಿ ಮಾಡಿ, ಒಣಗರಿಯ ಚೂರುಗಳೊಂದಿಗೆ ತರಕಾರಿ ಸಿಪ್ಪೆಯನ್ನೂ ಹಾಕಬಹುದು. ಹಳೆಯ ಉಪ್ಪಿನಕಾಯಿ, ಉಪ್ಪುಸೊಳೆಯ ನೀರು ಮಾತ್ರ ಅದಕ್ಕೆ ಬೀಳಬಾರದು, ಎರೆಹುಳಗಳು ಸಾಯುತ್ತವೆ.